ಮಾವನ ಕಪಾಟಿನ ನಾಜಿ ಸಿಪಾಯಿಗಳನ್ನು ಏನು ಮಾಡಲಿ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ ಅಡಿಕೆ ತೋಟದ ಮನೆ. ನನ್ನ ಸೋದರಮಾವ ಸರಕು ಹಡಗಿನಲ್ಲಿ ಎಂಜಿನಿಯರ್ ಆಗಿದ್ದರು. ಹೋದ ಹೋದ ಬಂದರಿನಿಂದ ಸೈನಿಕರ ಪುಟ್ಟ ಬೊಂಬೆಗಳನ್ನು ಕೊಂಡು ತರುವುದು ಅವರ ಹವ್ಯಾಸವಾಗಿತ್ತು. ಕಳೆದ ವರ್ಷ ಅವರು ತೀರಿಕೊಂಡ ಮೇಲೆ ಬೊಂಬೆಗಳಿದ್ದ ಹಲಸಿನ ಮರದ ಕಪಾಟು ನಮ್ಮ ಮನೆಗೆ ಬಂತು. ಒಟ್ಟು 160 ಬೊಂಬೆಗಳಿವೆ: ಕೆಂಪು ಕೋಟಿನ ಇಂಗ್ಲಿಷ್ ಸಿಪಾಯಿಗಳು, ಖಾಕಿ ತೊಟ್ಟ ಭಾರತೀಯ ಕುದುರೆ ಸವಾರರು, ಜೋಡಿಸಿದ ಪ್ಲಾಸ್ಟಿಕ್ ಟ್ಯಾಂಕ್‌ಗಳು. ಇವುಗಳ ನಡುವೆ 22 ಬೊಂಬೆಗಳು ಜರ್ಮನ್ನರದು. ಹೆಚ್ಚಿನವರ ತೋಳಿನಲ್ಲಿ ಸ್ವಸ್ತಿಕದ ಪಟ್ಟಿ ಇದೆ. ಒಂದು ಹಿಟ್ಲರನದೇ, ಅದರ ಬಲಗೈ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಪೇಟ ಸುತ್ತಿದ ಭಾರತೀಯ ಸೈನಿಕನೊಬ್ಬ ಜರ್ಮನ್ ಸಮವಸ್ತ್ರದಲ್ಲಿದ್ದಾನೆ, ತೋಳಿನಲ್ಲಿ ಹಾರುವ ಹುಲಿಯ ಚಿತ್ರ. ಒಂಬತ್ತನೆಯ ತರಗತಿಯ ನನ್ನ ಮಗ ಹಿಟ್ಲರನ ಬೊಂಬೆಯ ಫೋಟೊ ತೆಗೆದು, ‘ನಿಜವಾದ ನಾಯಕ’ ಎಂದು ಬರೆದು ಮೊಬೈಲಿನ ಸ್ಟೇಟಸ್‌ನಲ್ಲಿ ಹಾಕಿದ. ಅವನ ಅಧ್ಯಾಪಕಿಯೊಬ್ಬರು ಫೋನ್ ಮಾಡಿದಾಗಲೇ ನನಗೆ ತಿಳಿದದ್ದು. ಅಮ್ಮ ‘ಎಲ್ಲವನ್ನೂ ಪಯಸ್ವಿನಿ ಹೊಳೆಗೆ ಬಿಟ್ಟು ಬಾ’ ಎನ್ನುತ್ತಾರೆ. ನೆರೆಮನೆಯವರು ‘ನಮ್ಮ ಸ್ವಸ್ತಿಕವೇ ತಾನೆ, ಇರಲಿ’ ಎನ್ನುತ್ತಾರೆ. ಬೆಂಗಳೂರಿನ ಒಬ್ಬರು ಆ 22 ಬೊಂಬೆಗಳನ್ನು ಮಾತ್ರ ಒಳ್ಳೆಯ ಬೆಲೆಗೆ ಕೇಳುತ್ತಿದ್ದಾರೆ. ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ತಂಗಿಯ ಮಗಳು ‘ನಾನು ಒಯ್ಯುತ್ತೇನೆ, ಅಲ್ಲಿ ಇನ್ನೂ ಹೆಚ್ಚು ಸಿಗುತ್ತದೆ’ ಎನ್ನುತ್ತಾಳೆ. ಇವನ್ನು ಇಟ್ಟುಕೊಳ್ಳುವುದು ಅಪರಾಧವೇ? ಮಾವ ಅಂಥ ಮನುಷ್ಯರಾಗಿದ್ದರೇ ಎಂಬ ಸಂಶಯವೂ ಕಾಡುತ್ತಿದೆ. ಈ ಮಳೆಗಾಲದಲ್ಲಿ ಸೀಸದ ಬೊಂಬೆಗಳ ಮೇಲೆ ಬಿಳಿ ಹುಡಿಯೂ ಬಂದಿದೆ.

ಉತ್ತರ: ನೀವು ಕೊನೆಗೆ ಬರೆದದ್ದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದ ಪ್ರಶ್ನೆಗಳು ಒಂದು ತಿಂಗಳು ಕಾಯಬಹುದು, ಬಿಳಿ ಹುಡಿ ಕಾಯುವುದಿಲ್ಲ.

ಆ ಹುಡಿ ಸೀಸದ ಕಾರ್ಬೊನೇಟ್. ಅದು ವಿಷ. ಮಕ್ಕಳು ಮುಟ್ಟಬಾರದು, ಒಣ ಬಟ್ಟೆಯಿಂದ ಒರೆಸಬಾರದು, ಬಾಯಿಂದ ಊದಿ ಹಾರಿಸಲೇಬಾರದು. ಹುಡಿ ಬಂದ ಬೊಂಬೆಗಳನ್ನು ಕೈಗವಸು ಹಾಕಿಕೊಂಡು ಒಂದೊಂದಾಗಿ ಎತ್ತಿ, ಬೇರೆ ಬೇರೆ ಪಾಲಿಥೀನ್ ಚೀಲಗಳಲ್ಲಿ ಹಾಕಿ. ಉದುರಿದ ಹುಡಿಯನ್ನು ಒದ್ದೆ ಕಾಗದದಿಂದ ಒತ್ತಿ ತೆಗೆದು, ಆ ಕಾಗದವನ್ನೂ ಚೀಲದಲ್ಲಿ ಕಟ್ಟಿಡಿ. ಹಿತ್ತಾಳೆ ದೀಪ ತೊಳೆಯುವ ಅಭ್ಯಾಸದಲ್ಲಿ ಹುಣಸೆಹುಳಿ ಹಚ್ಚಿ ತಿಕ್ಕಿದರೆ ಇರುವ ಬೊಂಬೆಯೂ ಹೋಗುತ್ತದೆ. ಸೀಸಕ್ಕೆ ಹುಳಿಯೇ ಶತ್ರು.

ಸಂಗ್ರಾಹಕರು ಇದನ್ನು ‘ಸೀಸದ ರೋಗ’ ಎಂದು ಕರೆಯುತ್ತಾರೆ; ಒಂದು ಬೊಂಬೆಯಿಂದ ಇನ್ನೊಂದಕ್ಕೆ ಅಂಟುತ್ತದೆ ಎಂದು ನಂಬುತ್ತಾರೆ. ಚಳಿಯಲ್ಲಿ ತವರ ಹುಡಿಯಾಗುವ ‘ತವರದ ಪಿಡುಗು’ ಇದೇ ಎಂದು ಹೇಳುವವರೂ ಇದ್ದಾರೆ. ಎರಡೂ ತಪ್ಪು. ತವರದ ಆ ಬದಲಾವಣೆ ಶುರುವಾಗುವುದು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ. ಮುಳ್ಳೇರಿಯದಲ್ಲಿ ಅದರ ಮಾತೇ ಇಲ್ಲ. ನಿಮ್ಮಲ್ಲಿ ನಡೆದಿರುವುದು ಇಷ್ಟು: ಮರ, ಪ್ಲೈವುಡ್, ರಟ್ಟು, ಹಳೆಯ ಪತ್ರಿಕೆ ಎಲ್ಲವೂ ನಿಧಾನವಾಗಿ ಅಸಿಟಿಕ್ ಆಮ್ಲದ ಆವಿಯನ್ನು ಬಿಡುತ್ತವೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ನಿಮ್ಮ ಜಿಲ್ಲೆಯಲ್ಲಿ, ಬಾಗಿಲು ಮುಚ್ಚಿದ ಕಪಾಟಿನೊಳಗೆ ಆ ಆವಿಗೆ ತೇವವೂ ಜೊತೆಯಾಗುತ್ತದೆ. ಆವಿ ಸೀಸವನ್ನು ತಿಂದು ಹುಡಿ ಮಾಡುತ್ತದೆ. ಹುಡಿಯಾಗುವಾಗ ಅದೇ ಆಮ್ಲ ಮತ್ತೆ ಬಿಡುಗಡೆಯಾಗಿ ಇನ್ನೂ ಒಳಕ್ಕೆ ತಿನ್ನುತ್ತದೆ. ಒಂದೇ ಕಪಾಟಿನ ಗಾಳಿಯನ್ನು ಎಲ್ಲ ಬೊಂಬೆಗಳೂ ಉಸಿರಾಡುವುದರಿಂದ ಅಂಟುರೋಗದಂತೆ ಕಾಣುತ್ತದೆ, ಅಷ್ಟೆ. ಹಲಸಿನ ಕಪಾಟಿನಲ್ಲಿ ಬಟ್ಟೆ ಇಡಿ. ಬೊಂಬೆಗಳನ್ನು ಗಾಜು ಮತ್ತು ಉಕ್ಕಿನ ಕಪಾಟಿಗೆ, ಅದಿಲ್ಲದಿದ್ದರೆ ಅಡುಗೆಮನೆಗೆ ಕೊಳ್ಳುವ ಪಾಲಿಪ್ರೊಪಿಲೀನ್ ಡಬ್ಬಿಗಳಿಗೆ ಸ್ಥಳಾಂತರಿಸಿ, ಸಿಲಿಕಾ ಜೆಲ್ ಪೊಟ್ಟಣ ಇಡಿ. ನುಸಿಗುಳಿಗೆ ಬೇಡ, ನ್ಯಾಫ್ತಲೀನ್ ನಿಮ್ಮ ಪ್ಲಾಸ್ಟಿಕ್ ಟ್ಯಾಂಕ್‌ಗಳನ್ನು ಮೆತ್ತಗಾಗಿಸುತ್ತದೆ.

ಈಗ ಆ 22 ಬೊಂಬೆಗಳಿಗೆ ಬರೋಣ.

ಅವುಗಳ ಪಾದದ ಅಡಿಯನ್ನು ನೋಡಿ. ‘ಎಲಾಸ್ಟೋಲಿನ್’ ಅಥವಾ ‘ಲೀನಿಯೋಲ್’ ಎಂಬ ಮುದ್ರೆ ಇದ್ದರೆ ಅವು ಸೀಸದವಲ್ಲ. ಎಲಾಸ್ಟೋಲಿನ್ ಜರ್ಮನಿಯ ಲುಡ್ವಿಗ್ಸ್‌ಬುರ್ಗ್‌ನ ಹೌಸರ್ ಕಂಪನಿಯದು, ಲೀನಿಯೋಲ್ ಬ್ರಾಂಡೆನ್‌ಬುರ್ಗ್ ಊರಿನದು. ಮರದ ಹುಡಿ, ಅಂಟು ಮತ್ತು ಬಿಳಿ ಜೇಡಿಯನ್ನು ಕಲಸಿ, ತಂತಿಯ ಅಸ್ಥಿಪಂಜರದ ಮೇಲೆ ಅಚ್ಚೊತ್ತಿ ಮಾಡಿದ, ಸುಮಾರು ಏಳು ಸೆಂಟಿಮೀಟರ್ ಎತ್ತರದ ಆಟಿಕೆಗಳು ಅವು. ನಮ್ಮ ತೇವದಲ್ಲಿ ಒಳಗಿನ ತಂತಿ ತುಕ್ಕು ಹಿಡಿದು ಉಬ್ಬುತ್ತದೆ. ಕೈಕಾಲುಗಳು ಉದ್ದಕ್ಕೆ ಬಿರಿಯುತ್ತವೆ. ಅಂಟಿನ ಆಸೆಗೆ ಜಿರಳೆಗಳೂ ಬರುತ್ತವೆ. ಬಿರುಕು ತಂತಿಯ ಗುಂಟವೇ ಇದ್ದರೆ, ಕಾಂತ ಹಿಡಿದಾಗ ಕೈಕಾಲಿನಲ್ಲಿ ಸಣ್ಣ ಸೆಳೆತ ಕಂಡರೆ, ಬೊಂಬೆ ಹಳೆಯದಿರುವ ಸಂಭವ ಹೆಚ್ಚು. ಖಚಿತ ಎನ್ನಲಾರೆ, ನಾಯಕರ ಬೊಂಬೆಗಳಿಗೆ ಬೇಡಿಕೆ ಇರುವುದರಿಂದ ನಕಲಿಗಳು ಬಹಳ, ಕೈ ಆಡುವ ಹಿಟ್ಲರನದಂತೂ ಇನ್ನೂ ಬಹಳ. ಪೇಟದ ಸೈನಿಕ ಲೋಹದವನಾಗಿದ್ದು ಬಣ್ಣ ಹೊಳೆಯುತ್ತಿದ್ದರೆ ಅವನು ಈಚಿನ ದಶಕಗಳಲ್ಲಿ ಸಂಗ್ರಾಹಕರಿಗಾಗಿ ಎರಕ ಹೊಯ್ದ ಬೊಂಬೆ.

ಇವು ಯಾರಿಗಾಗಿ ತಯಾರಾದವು ಎಂಬುದನ್ನು ದಯವಿಟ್ಟು ಯೋಚಿಸಿ. 1930ರ ದಶಕದಲ್ಲಿ ಜರ್ಮನಿಯ ಮಕ್ಕಳು ಹಬ್ಬದ ಉಡುಗೊರೆಯಾಗಿ ಪಡೆಯುತ್ತಿದ್ದ ಆಟಿಕೆಗಳು ಇವು. ಆ ಆಡಳಿತ ತನ್ನ ಚಿಹ್ನೆಗಳನ್ನು ಕಂಡಕಂಡವರು ಬಳಸಲು ಬಿಡುತ್ತಿರಲಿಲ್ಲ. 1933ರ ಮೇ ತಿಂಗಳಲ್ಲೇ ಅದಕ್ಕೊಂದು ಕಾನೂನು ಮಾಡಿತ್ತು. ಅಂದರೆ ಈ ಬೊಂಬೆ ಅಂಗಡಿಯ ಕಿಟಕಿಯಲ್ಲಿ ನಿಂತದ್ದು ಆಡಳಿತದ ಕಣ್ಣೆದುರಿಗೆ, ಅದರ ಸಮ್ಮತಿಯಲ್ಲಿ. ಎಂಟು ವರ್ಷದ ಹುಡುಗನೊಬ್ಬ 1936ರಲ್ಲಿ ಆ ಕೈಯನ್ನು ಮೇಲೆತ್ತಿ ಕೆಳಗಿಳಿಸಿ ಆಡಿದ ಎಂದುಕೊಳ್ಳಿ. 1945ರ ಆರಂಭಕ್ಕೆ ಅವನಿಗೆ ಹದಿನಾರೋ ಹದಿನೇಳೋ. ಆ ವಯಸ್ಸಿನವರನ್ನು ಕೊನೆಯ ತಿಂಗಳುಗಳಲ್ಲಿ ಟ್ಯಾಂಕ್‌ಗಳ ಎದುರಿಗೆ ನಿಲ್ಲಿಸಿದರು. ನಿಮ್ಮ ಮಗನಿಗಿಂತ ಎರಡು ಮೂರು ವರ್ಷ ದೊಡ್ಡವನು. ನಿಮ್ಮ ಮಗನಿಗೆ ಹೇಳಲು ನನ್ನಲ್ಲಿರುವ ಮೊದಲ ಮಾತು ಇದೇ: ಈ ಬೊಂಬೆಯನ್ನು ಮಾಡಿದ್ದೇ ನಿನ್ನ ವಯಸ್ಸಿನವರನ್ನು ಹಿಡಿಯಲು.

ಇಪ್ಪತ್ತೆಂಟು ವರ್ಷ ನಾನು ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ವಸ್ತುಗಳ ಸಂರಕ್ಷಣೆಯ ಕೆಲಸ ಮಾಡಿದ್ದೇನೆ, ಕರೆದ ಮನೆಗಳಿಗೆ ಹೋಗಿ ಖಾಸಗಿ ಸಂಗ್ರಹಗಳನ್ನೂ ನೋಡಿದ್ದೇನೆ. ಒಮ್ಮೆ ಒಂದು ಮನೆಯ ಹಜಾರದಲ್ಲಿ ಇಂಥದೇ ಒಂದು ಬೊಂಬೆ ಗಾಜಿನ ಗೂಡಿನಲ್ಲಿ ಒಂಟಿಯಾಗಿ ನಿಂತಿತ್ತು. ಕೆಳಗೆ ಕಪ್ಪು ಮಖಮಲ್ಲು, ಮೇಲಿನಿಂದ ಸಣ್ಣ ದೀಪ. ಹೆಸರಿಲ್ಲ, ವರ್ಷವಿಲ್ಲ, ಒಂದು ಸಾಲಿನ ವಿವರವಿಲ್ಲ. ಮನೆಯವರು ಸಜ್ಜನರು, ಬೊಂಬೆಯ ಕೆಲಸಗಾರಿಕೆ ಚೆನ್ನಾಗಿದೆ ಎಂದು ಇಟ್ಟದ್ದಾಗಿ ಹೇಳಿದರು. ಆದರೆ ಆ ಬೆಳಕು, ಆ ಒಂಟಿತನ, ಆ ಎತ್ತರ ಸೇರಿ ಆಟಿಕೆಯನ್ನು ವಿಗ್ರಹ ಮಾಡಿಬಿಟ್ಟಿದ್ದವು. ಮನೆಯ ಮಗು ಅದರ ಮುಂದೆ ಹಾದುಹೋಗುವಾಗ ದನಿ ತಗ್ಗಿಸುತ್ತಿತ್ತು. ನಾನು ಅಂದು ಮನೆಗೆ ಬಂದು ಬಹಳ ಹೊತ್ತು ಅದನ್ನೇ ಯೋಚಿಸಿದೆ.

ನೀವು ಯಕ್ಷಗಾನದ ನಾಡಿನವರು, ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಿಮ್ಮ ಜಿಲ್ಲೆಯದೇ. ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡಲು ಎಷ್ಟು ಗಂಟೆ ಹಿಡಿಯುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದಲೇ ಅಬ್ಬರಿಸಿ ಬರುವಾಗ ಮಕ್ಕಳು ತಾಯಿಯ ಸೆರಗು ಹಿಡಿಯುತ್ತಾರೆ. ಕಾಸರಗೋಡಿನ ಯಕ್ಷಗಾನ ಬೊಂಬೆಯಾಟದಲ್ಲೂ ರಾಕ್ಷಸನ ಬೊಂಬೆಗೆ ದೇವರ ಬೊಂಬೆಯಷ್ಟೇ ಶ್ರಮ ಸುರಿಯುತ್ತಾರೆ. ಆದರೂ ಅಲ್ಲಿ ಯಾರೂ ದಾರಿ ತಪ್ಪುವುದಿಲ್ಲ, ಏಕೆಂದರೆ ವೇಷದ ಹಿಂದೆ ಪ್ರಸಂಗವಿದೆ. ಭಾಗವತರ ಪದ ಮುಗಿಯುವಷ್ಟರಲ್ಲಿ ಆ ಅಬ್ಬರ ಏನು ಮಾಡಿತು, ಎಲ್ಲಿಗೆ ಹೋಗಿ ಮುಟ್ಟಿತು ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ನಿಮ್ಮ ಮಗನ ಕೈಗೆ ಸಿಕ್ಕಿದ್ದು ಪ್ರಸಂಗವಿಲ್ಲದ ವೇಷ. ಚಂದದ ಸಮವಸ್ತ್ರ, ಎತ್ತಿದ ಕೈ. ಉಳಿದ ಕಥೆಯನ್ನು ಅವನು ಮೊಬೈಲಿನಲ್ಲಿ ಹರಿದಾಡುವ ಮಾತುಗಳಿಂದ ತುಂಬಿಕೊಂಡ. ಈ ಹೋಲಿಕೆಯನ್ನು ನಾನು ಹೆಚ್ಚು ಎಳೆಯುವುದಿಲ್ಲ. ಮಹಿಷಾಸುರ ಪುರಾಣದವನು. ಇಲ್ಲಿ ಸತ್ತವರಿಗೆ ಹೆಸರಿತ್ತು, ಮನೆಯ ವಿಳಾಸವಿತ್ತು. ಅವರ ಮಕ್ಕಳು ಮೊಮ್ಮಕ್ಕಳು ಇಂದೂ ನಮ್ಮ ನಡುವೆ ಬದುಕಿದ್ದಾರೆ.

ನೆರೆಮನೆಯವರ ಮಾತನ್ನು ನೋಡೋಣ. ಸ್ವಸ್ತಿಕ ನಮ್ಮದು ಹೌದು, ಸಾವಿರಾರು ವರ್ಷಗಳಿಂದ. ಜರ್ಮನ್ನರದು ತಿರುಗುಮುರುಗಾದ ಸ್ವಸ್ತಿಕ, ಆದ್ದರಿಂದ ಬೇರೆ ಎಂಬ ವಿವರಣೆ ನಮ್ಮಲ್ಲಿ ಬಹಳ ಪ್ರಚಾರದಲ್ಲಿದೆ, ಅದು ಸರಿಯಲ್ಲ. ಅವರದೂ ನಾವು ಹೊಸಿಲ ಮೇಲೆ ಬರೆಯುವಂತೆ ಬಲಕ್ಕೇ ತಿರುಗಿದ್ದು. 1870ರ ದಶಕದಲ್ಲಿ ಟ್ರಾಯ್‌ನ ಉತ್ಖನನದಲ್ಲಿ ಈ ಗುರುತು ಸಿಕ್ಕ ಮೇಲೆ, ಜರ್ಮನ್ ರಾಷ್ಟ್ರವಾದಿಗಳು ಅದನ್ನು ತಮ್ಮ ಕಲ್ಪನೆಯ ಆರ್ಯ ಜನಾಂಗದ ಮುದ್ರೆ ಎಂದು ಎತ್ತಿಕೊಂಡರು. 1920ರಲ್ಲಿ ನಾಜಿ ಪಕ್ಷ ಅದನ್ನು ಕೆಂಪು ಬಟ್ಟೆ, ಬಿಳಿ ವೃತ್ತದ ನಡುವೆ ಕಪ್ಪಾಗಿ, ಮೂಲೆಯ ಮೇಲೆ ನಿಲ್ಲಿಸಿ ಧ್ವಜ ಮಾಡಿಕೊಂಡಿತು. ಗುರುತಿನ ಗೆರೆಗಳು ಒಂದೇ ಇರಬಹುದು; ಅದರ ಕೆಳಗೆ ನಡೆದದ್ದು ಬೇರೆ. ತೋಳಪಟ್ಟಿಯ ಮೇಲಿರುವುದನ್ನು ‘ನಮ್ಮದೇ’ ಎಂದು ಅಪ್ಪಿಕೊಂಡರೆ ನಮ್ಮ ಹೊಸಿಲಿನ ಸ್ವಸ್ತಿಕಕ್ಕೇ ಅವಮಾನ. ನಮ್ಮದನ್ನು ಉಳಿಸಿಕೊಳ್ಳಬೇಕಾದರೆ ಅವರದನ್ನು ಅವರ ಹೆಸರಿನಿಂದಲೇ ಕರೆಯಬೇಕು. ಜರ್ಮನ್ ಭಾಷೆಯಲ್ಲಿ ಅದು ಹಾಕೆನ್‌ಕ್ರಾಯ್ಟ್ಸ್, ಕೊಕ್ಕೆಶಿಲುಬೆ.

ಹಿಟ್ಲರ್ ಭಾರತದ ಹಿತೈಷಿಯಾಗಿದ್ದ ಎಂಬುದು ಇನ್ನೊಂದು ನಂಬಿಕೆ. ನಿಮ್ಮ ಮಗನ ‘ನಿಜವಾದ ನಾಯಕ’ ಬಂದದ್ದು ಇದರಿಂದಲೇ ಇರಬೇಕು. ಭಾರತ ಬೇರೆ ಯಾರ ಕೈಯಲ್ಲಾದರೂ ಇರುವುದಕ್ಕಿಂತ ಇಂಗ್ಲಿಷರ ಆಳ್ವಿಕೆಯಲ್ಲಿರುವುದೇ ತನಗೆ ಇಷ್ಟ ಎಂದು ಆತ ತನ್ನ ಪುಸ್ತಕದಲ್ಲಿ ತಾನೇ ಬರೆದಿದ್ದಾನೆ. ಆ ಆಡಳಿತ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದದ್ದು ನಿಮ್ಮ ಮಗನ ಪಠ್ಯದಲ್ಲೂ ಇರುತ್ತದೆ. ಯುರೋಪಿನಲ್ಲಿ ನೆಲೆಸಿದ ರೋಮಾ ಜನರ ವಿಷಯ ಇರಲಿಕ್ಕಿಲ್ಲ. ಅವರ ಪೂರ್ವಿಕರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟವರು. ಅವರ ಭಾಷೆಯಲ್ಲಿ ಎರಡಕ್ಕೆ ದುಯಿ, ಮೂರಕ್ಕೆ ತ್ರಿನ್, ಐದಕ್ಕೆ ಪಾಂಜ್, ನೀರಿಗೆ ಪಾನಿ. ಅವರಲ್ಲಿ ಕನಿಷ್ಠ ಎರಡೂವರೆ ಲಕ್ಷ ಮಂದಿಯನ್ನು ಅದೇ ತೋಳಪಟ್ಟಿಯವರು ಕೊಂದರು. ಈ ನಾಲ್ಕು ಪದಗಳನ್ನು ಮಗನಿಗೆ ಹೇಳಿ ನೋಡಿ. ನನ್ನ ಅನುಭವದಲ್ಲಿ ಲಕ್ಷದ ಅಂಕಿಗಳಿಗಿಂತ ‘ಪಾನಿ’ ಎಂಬ ಒಂದು ಪದ ಹದಿಹರೆಯದವರನ್ನು ಹೆಚ್ಚು ಹೊತ್ತು ಸುಮ್ಮನಾಗಿಸುತ್ತದೆ.

ಸಂಗ್ರಾಹಕರ ವಲಯದಲ್ಲೇ ಹುಟ್ಟಿದ ಮಿಥ್ಯೆಯೂ ಒಂದಿದೆ: ಎಸ್‌ಎಸ್ ಎಂಬ ನಾಜಿ ಪಕ್ಷದ ಸಶಸ್ತ್ರ ಪಡೆಯವರು ಕೆಟ್ಟವರು, ಸಾಮಾನ್ಯ ಜರ್ಮನ್ ಸೇನೆಯವರು ಬರೀ ಸೈನಿಕರು, ಅವರ ಬೊಂಬೆ ಇಟ್ಟುಕೊಂಡರೆ ದೋಷವಿಲ್ಲ ಎಂಬುದು. ಬೆಂಗಳೂರಿನ ಖರೀದಿದಾರರೂ ಇದನ್ನೇ ಹೇಳಬಹುದು. ಸಾಮಾನ್ಯ ಸೇನೆಯ ವಶದಲ್ಲಿದ್ದ ಸುಮಾರು 57 ಲಕ್ಷ ಸೋವಿಯತ್ ಯುದ್ಧಕೈದಿಗಳಲ್ಲಿ 33 ಲಕ್ಷದಷ್ಟು ಮಂದಿ ಹಸಿವು, ರೋಗ, ಗುಂಡಿಗೆ ಸತ್ತರು. ಸಮವಸ್ತ್ರದ ಬಣ್ಣ ನೋಡಿ ಪಾಪವನ್ನು ವಿಂಗಡಿಸಲು ಆಗುವುದಿಲ್ಲ.

ಪೇಟ ಸುತ್ತಿದ ಸೈನಿಕನ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ. ನಿಮ್ಮ ಸಂಗ್ರಹದಲ್ಲಿ ನನ್ನನ್ನು ಅತಿಯಾಗಿ ಸೆಳೆದದ್ದು ಅವನೇ. ಇವನನ್ನು ಐಎನ್‌ಎ, ಅಂದರೆ ಆಜಾದ್ ಹಿಂದ್ ಫೌಜಿನ ಸೈನಿಕನೆಂದು ಕೆಲವರು ತಿಳಿಯುತ್ತಾರೆ. ಸಿಂಗಾಪುರದಲ್ಲಿ ಕಟ್ಟಿದ ಆ ಸೇನೆ ಬೇರೆ. ಇವನು ಸುಭಾಷ್‌ಚಂದ್ರ ಬೋಸರು ಜರ್ಮನಿಯಲ್ಲಿದ್ದಾಗ ಕಟ್ಟಿದ ‘ಸ್ವತಂತ್ರ ಭಾರತ’ ದಳದವನು. ಉತ್ತರ ಆಫ್ರಿಕದ ಯುದ್ಧದಲ್ಲಿ ಸೆರೆಸಿಕ್ಕ ಭಾರತೀಯ ಸಿಪಾಯಿಗಳಿಂದ ಆಯ್ದವರು ಅವರು, ಹೆಚ್ಚೆಂದರೆ ಮೂರು ಸಾವಿರದಷ್ಟು. ಬಹುಪಾಲು ಕೈದಿಗಳು ಸೇರಲು ಒಪ್ಪಲಿಲ್ಲ. ಸೇರಿದವರ ಪ್ರತಿಜ್ಞೆಯಲ್ಲಿ ಹಿಟ್ಲರನ ಹೆಸರೂ ಬೋಸರ ಹೆಸರೂ ಎರಡೂ ಇದ್ದವು. 1943ರ ಫೆಬ್ರವರಿಯಲ್ಲಿ ಬೋಸರು ಜಲಾಂತರ್ಗಾಮಿಯಲ್ಲಿ ಪೂರ್ವಕ್ಕೆ ಹೊರಟರು. ಇವರು ಅಲ್ಲೇ ಉಳಿದರು. ಹಾಲೆಂಡಿಗೆ, ಅಲ್ಲಿಂದ ಫ್ರಾನ್ಸಿನ ಕಡಲತೀರಕ್ಕೆ ಕಳುಹಿಸಿದರು. 1944ರ ಆಗಸ್ಟ್‌ನಲ್ಲಿ ದಳವನ್ನೇ ಎಸ್‌ಎಸ್‌ಗೆ ಸೇರಿಸಿದರು. ಅದೇ ಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಬ್ರಿಟಿಷ್ ಇಂಡಿಯಾದ ಸೇನೆಯಲ್ಲಿ ಎದುರು ಪಕ್ಷದಲ್ಲಿದ್ದರು. ಈ ಒಬ್ಬ ಸೈನಿಕನನ್ನು ವೀರ ಎಂದೋ ದ್ರೋಹಿ ಎಂದೋ ಒಂದೇ ಪದದಲ್ಲಿ ಮುಗಿಸಲು ನನ್ನಿಂದಾಗದು. ಮರುಭೂಮಿಯ ಸೆರೆಶಿಬಿರದಲ್ಲಿ ಬಿದ್ದ ಒಬ್ಬ ರೈತನ ಮಗ ಏನೆಂದು ಯೋಚಿಸಿದ? ನಿಮ್ಮ ಮಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಇನ್ನೊಂದು ಸಂಗತಿ. ನೀವು ಆತಂಕಪಟ್ಟದ್ದು 22 ಬೊಂಬೆಗಳ ಬಗ್ಗೆ ಮಾತ್ರ. ಕೆಂಪು ಕೋಟಿನವರ ಬಗ್ಗೆ, ಖಾಕಿಯ ಸವಾರರ ಬಗ್ಗೆ ಅಲ್ಲ. ಅವು ಬಹುಶಃ ಲಂಡನ್ನಿನ ಬ್ರಿಟನ್ಸ್ ಕಂಪನಿಯವು. ಕಾದ ಸೀಸವನ್ನು ಅಚ್ಚಿಗೆ ಹೊಯ್ದು, ಹೊರಪದರ ಗಟ್ಟಿಯಾದ ಕೂಡಲೇ ಒಳಗಿನದನ್ನು ಚೆಲ್ಲಿ ಟೊಳ್ಳು ಬೊಂಬೆ ಮಾಡುವ ವಿಧಾನವನ್ನು ಅವರು 1893ರಲ್ಲಿ ಬಳಕೆಗೆ ತಂದರು. ಸೀಸದ ಬೊಂಬೆಗಳನ್ನು 1966ರವರೆಗೂ ಮಾಡಿದರು. ಅವೂ ಒಂದು ಆಳ್ವಿಕೆಯ ಬೊಂಬೆಗಳೇ. ನಿಮ್ಮದೇ ಜಿಲ್ಲೆಯ ಕಯ್ಯೂರಿನ ರೈತ ಹೋರಾಟದ ನಾಲ್ವರು ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಿದ್ದು ಅದೇ ಆಳ್ವಿಕೆ. ಎರಡು ಆಡಳಿತಗಳ ಅಪರಾಧಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ನಾನು ಹೊರಟಿಲ್ಲ. ಬೊಂಬೆಯೊಂದೊಂದಕ್ಕೂ ಅದರ ಕಥೆ ಹೇಳುವ ಚೀಟಿ ಬರೆದಿಡುವ ಕೆಲಸ 22ಕ್ಕೆ ನಿಲ್ಲಬಾರದು, 160ಕ್ಕೂ ಆಗಬೇಕು ಎಂದಷ್ಟೇ ಹೇಳುತ್ತಿದ್ದೇನೆ.

ಚೀಟಿಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ನಾನು ಟಿಪ್ಪುವಿನ ಹುಲಿಯ ಉದಾಹರಣೆ ಕೊಡುತ್ತೇನೆ. ಐರೋಪ್ಯನೊಬ್ಬನನ್ನು ಕೆಡವಿ ಮೇಲೆ ನಿಂತ ಮರದ ಹುಲಿ. ಹೊಟ್ಟೆಯೊಳಗೆ ಕೊಳವೆವಾದ್ಯ, ತಿರುವಿದರೆ ಗರ್ಜನೆ, ನರಳುವಿಕೆ. ಶ್ರೀರಂಗಪಟ್ಟಣದ ಅರಮನೆಯಲ್ಲಿ ಅದು ಸುಲ್ತಾನನ ಹೆಮ್ಮೆ. 1799ರ ನಂತರ ಲಂಡನ್ನಿಗೆ ಹೋದಾಗ ಕಂಪನಿ ಸರ್ಕಾರಕ್ಕೆ ಅದು ಗೆಲುವಿನ ಗುರುತು, ಟಿಪ್ಪುವಿನ ಕ್ರೌರ್ಯಕ್ಕೆ ಸಾಕ್ಷಿ. ಇಂದು ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಅದರ ಮುಂದೆ ನಿಂತ ಮಕ್ಕಳು ಎರಡೂ ಕಥೆಗಳನ್ನು ಓದಬಹುದು. ಮರ ಅದೇ, ಬಣ್ಣ ಅದೇ, ಪ್ರಸಂಗ ಮೂರು.

ಕಾನೂನಿನ ಮಾತು. ಭಾರತದಲ್ಲಿ ಇಂಥ ಬೊಂಬೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದನ್ನು ನಿಷೇಧಿಸುವ ಪ್ರತ್ಯೇಕ ಕಾನೂನಿಲ್ಲ, ನೀವು ಹೆದರಬೇಕಾಗಿಲ್ಲ. ಆದರೆ ಚಿತ್ರದ ಜೊತೆ ಯಾವುದೇ ಸಮುದಾಯದ ವಿರುದ್ಧ ದ್ವೇಷದ ಮಾತು ಸೇರಿಸಿ ಹರಡಿದರೆ ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಮು, ಹಿಂದಿನ ದಂಡಸಂಹಿತೆಯ 153ಎ, ಬಾಧಿಸಬಹುದು. ಮಗ ಬರೆದ ಎರಡು ಪದಗಳು ಅಲ್ಲಿಗೆ ಮುಟ್ಟುವುದಿಲ್ಲ ಎಂದು ನನ್ನ ತಿಳಿವಳಿಕೆ. ಆದರೂ ಅದನ್ನು ಅಳಿಸಲಿ. ಅವನ ಅಧ್ಯಾಪಕಿಗೆ ನನ್ನ ನಮಸ್ಕಾರ ಹೇಳಿ. ಫೋನ್ ಮಾಡುವ ತೊಂದರೆ ತೆಗೆದುಕೊಂಡರಲ್ಲ.

ಮ್ಯೂನಿಕ್‌ಗೆ ಕಳುಹಿಸುವುದು ಬೇಡವೇ ಬೇಡ. ಜರ್ಮನಿಯ ದಂಡಸಂಹಿತೆಯ 86ಎ ಕಲಮಿನ ಪ್ರಕಾರ ನಾಜಿ ಚಿಹ್ನೆಗಳನ್ನು ಸಾರ್ವಜನಿಕವಾಗಿ ಬಳಸುವುದು, ಹಂಚುವುದು, ಹಂಚುವುದಕ್ಕಾಗಿ ಒಳತರುವುದು ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸ ಆಗಬಹುದು. ಶಿಕ್ಷಣ, ಸಂಶೋಧನೆ, ಕಲೆಗೆ ವಿನಾಯಿತಿ ಇದೆ. ಸೂಟ್‌ಕೇಸಿನಲ್ಲಿ ಮಾರಾಟಕ್ಕೆ ಒಯ್ಯುವ ಹುಡುಗಿಗೆ ಅದು ಸಿಗುವುದಿಲ್ಲ. ಅಲ್ಲಿನ ಸಂತೆಗಳಲ್ಲಿ ಹಳೆಯ ವಸ್ತು ಮಾರುವವರು ಈ ಗುರುತಿನ ಮೇಲೆ ಕಾಗದದ ಚೂರು ಅಂಟಿಸುವುದು, ಆಟಿಕೆ ವಿಮಾನದ ಪೆಟ್ಟಿಗೆಗಳಲ್ಲಿ ಬಾಲದ ಗುರುತನ್ನು ಬಿಟ್ಟೇಬಿಡುವುದು ಅಥವಾ ಎರಡು ತುಂಡು ಮಾಡಿ ಕೊಡುವುದು ಇದೇ ಕಾರಣಕ್ಕೆ. ನಿಮ್ಮ ಪ್ಲಾಸ್ಟಿಕ್ ಮಾದರಿಗಳಲ್ಲಿ ಗುರುತು ಕಾಣದಿದ್ದರೆ ಅವು ನಕಲಿ ಎಂದುಕೊಳ್ಳಬೇಡಿ. ಕೆಂಪು ಕೋಟಿನವರಲ್ಲಿ ನೂರು ವರ್ಷ ದಾಟಿದವು ಇದ್ದರೆ, 1972ರ ಪ್ರಾಚ್ಯವಸ್ತು ಕಾಯಿದೆಯೂ ಅಡ್ಡ ಬರಬಹುದು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳದೆ ಅವನ್ನೂ ದೇಶದ ಹೊರಗೆ ಕಳುಹಿಸಬೇಡಿ.

ಹೊಳೆಗೆ ಬಿಡುವ ವಿಚಾರ. ಅಮ್ಮನ ಮನಸ್ಸು ನನಗೆ ಅರ್ಥವಾಗುತ್ತದೆ, ಮನೆಗೆ ಬೇಡದ್ದನ್ನು ನೀರಿಗೆ ಒಪ್ಪಿಸುವುದು ನಮ್ಮ ಹಿರಿಯರ ಪದ್ಧತಿ. ಆದರೆ ಸೀಸ ಪಯಸ್ವಿನಿಗೆ ಸೇರಿದರೆ ಮೀನಿಗೂ ಕೆಳಗಿನ ಊರಿನ ಬಾವಿಗೂ ವಿಷ. ಸುಟ್ಟರೆ ಹಳೆಯ ಬಣ್ಣದ ಹೊಗೆ ಇನ್ನೂ ಕೆಟ್ಟದ್ದು. ನಾಶ ಮಾಡಲೇಬೇಕೆಂದು ಮನೆಯವರೆಲ್ಲ ಒಪ್ಪಿದರೆ ಅದು ನಿಮ್ಮ ಹಕ್ಕು, ನಾನು ತಪ್ಪೆನ್ನುವುದಿಲ್ಲ. ಮೊದಲು ಎಲ್ಲದರ ಫೋಟೊ ತೆಗೆದು, ಮರದ ಹುಡಿಯ ಬೊಂಬೆಗಳನ್ನು ಒಡೆದು ಮುಚ್ಚಿದ ಚೀಲದಲ್ಲಿ ಅಪಾಯಕಾರಿ ತ್ಯಾಜ್ಯವೆಂದೇ ಕೊಡಿ.

ಬೆಂಗಳೂರಿನವರಿಗೆ ಮಾರುವುದೇ? ಹಣದ ಅಗತ್ಯ ಇಲ್ಲದಿದ್ದರೆ ಬೇಡ ಎನ್ನುತ್ತೇನೆ. ಅವರು ಸಂಗ್ರಹವನ್ನು ಕೇಳುತ್ತಿಲ್ಲ, ಅದರಿಂದ ಹಿಟ್ಲರನನ್ನು ಮತ್ತು ಅವನ ಜನರನ್ನು ಮಾತ್ರ ಕಿತ್ತು ಕೊಡಿ ಎನ್ನುತ್ತಿದ್ದಾರೆ. ಹಾಗೆ ಕಿತ್ತ ಬೊಂಬೆ ಎಲ್ಲಿಗೆ ಹೋಗಿ ನಿಲ್ಲುತ್ತದೆ? ನಾನು ಕಂಡ ಆ ಮಖಮಲ್ಲಿನ ಗೂಡು ನೆನಪಾಗುತ್ತದೆ. ಅವರನ್ನು ನೇರವಾಗಿ ಕೇಳಿ: ಎಲ್ಲಿ ಇಡುತ್ತೀರಿ, ಯಾವುದರ ಜೊತೆ ಇಡುತ್ತೀರಿ? ಪ್ರಾಮಾಣಿಕ ಸಂಗ್ರಾಹಕರು ಈ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತಾರೆ. ಅಂಥವರು ನನಗೆ ಹಲವರು ಗೊತ್ತು. ಉತ್ತರ ತಡವರಿಸಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಸಂಸ್ಥೆಗೆ ಕೊಡುವುದು ನನಗೆ ಇಷ್ಟವಾದ ದಾರಿ, ಆದರೆ ಸುಲಭದ್ದಲ್ಲ. ಮಂಗಳೂರಿನ ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯ ಹುಟ್ಟಿದ್ದೇ ಕರ್ನಲ್ ಮಿರಾಜಕರ್ ಅವರ ಖಾಸಗಿ ಸಂಗ್ರಹದಿಂದ ಎಂಬುದನ್ನು ನೆನಪಿಡಿ. ಬಂದದ್ದನ್ನೆಲ್ಲ ವಸ್ತುಸಂಗ್ರಹಾಲಯಗಳು ಸ್ವೀಕರಿಸುವುದಿಲ್ಲ, ಸ್ವೀಕರಿಸಿದ್ದು ವರ್ಷಗಟ್ಟಲೆ ಉಗ್ರಾಣದಲ್ಲಿ ಕೂರುವುದೂ ಉಂಟು. ಇತಿಹಾಸ ವಿಭಾಗವಿರುವ ಕಾಲೇಜೊಂದು ಒಪ್ಪಿದರೆ ಮಕ್ಕಳ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು. ಕೊಡುವಾಗ ಬಿಡಿಯಾಗಿ ಕೊಡಬೇಡಿ, ಲಿಖಿತ ಪಟ್ಟಿ ಇಲ್ಲದೆಯೂ ಕೊಡಬೇಡಿ.

ಅಲ್ಲಿಯವರೆಗೆ ಇಟ್ಟುಕೊಳ್ಳಿ, ಹಜಾರದಲ್ಲಿ ಬೇಡ. ಹಿಟ್ಲರನನ್ನು ಎತ್ತರದಲ್ಲಿ ಒಂಟಿಯಾಗಿ ನಿಲ್ಲಿಸಬೇಡಿ. ಕೈಯನ್ನು ಕೆಳಗಿಳಿಸಿಯೇ ಇಡಿ. ಹಾಗಿಟ್ಟರೆ ಹಳೆಯ ಕೀಲಿನ ಮೇಲೆ ಭಾರವೂ ಬೀಳುವುದಿಲ್ಲ. ಯಾರಾದರೂ ನೋಡಲು ಬಂದರೆ ಇಡೀ 160 ಬೊಂಬೆಗಳನ್ನು ಚೀಟಿಯ ಸಮೇತ ತೋರಿಸಿ.

ಮಾವನ ಬಗ್ಗೆ ಕೇಳಿದಿರಿ. ಸತ್ತವರ ಮನಸ್ಸಿಗೆ ನಾನು ಪ್ರಮಾಣಪತ್ರ ಕೊಡಲಾರೆ. ಕಪಾಟು ಹೇಳುವುದಿಷ್ಟು: 160ರಲ್ಲಿ 138 ಬೊಂಬೆಗಳು ಬೇರೆಯವು. ಭಕ್ತಿಯಿಂದ ಕೊಳ್ಳುವವರು ಎದುರು ಪಕ್ಷದ ಸವಾರರನ್ನು ಇಷ್ಟು ಜತನದಿಂದ ಪಕ್ಕದಲ್ಲಿ ನಿಲ್ಲಿಸುವುದನ್ನು ನಾನು ಕಂಡಿಲ್ಲ. ತಿಂಗಳುಗಟ್ಟಲೆ ನೀರು ನೋಡಿ ಬೇಸತ್ತ ಎಂಜಿನಿಯರ್ ಒಬ್ಬರು ಹ್ಯಾಂಬರ್ಗ್‌ನಂಥ ಬಂದರಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಕಳೆದ ಒಂದು ಮಧ್ಯಾಹ್ನವನ್ನು ನಾನು ಊಹಿಸಬಲ್ಲೆ. ಅವರ ಪೆಟ್ಟಿಗೆಗಳಲ್ಲಿ ರಶೀದಿ, ಡೈರಿ, ಹಡಗಿನ ದಾಖಲೆ ಏನಾದರೂ ಸಿಗುತ್ತದೆಯೇ ಹುಡುಕಿ. ಯಾವ ಬಂದರು, ಯಾವ ವರ್ಷ ಎಂದು ತಿಳಿದರೂ ಸಾಕು. ಹಿಂದೆ ಕಥೆಯಿರುವ ಬೊಂಬೆಗೂ ಇಲ್ಲದ್ದಕ್ಕೂ ನನ್ನ ವೃತ್ತಿಯಲ್ಲಿ ಅಜಗಜಾಂತರ.

ಚೀಟಿಗಳನ್ನು ಆಮ್ಲರಹಿತ ಕಾಗದದ ಮೇಲೆ ಪೆನ್ಸಿಲಿನಿಂದ ಬರೆಯಿರಿ, ಶಾಯಿ ಬೇಡ. ಏನು, ಯಾರು ಮಾಡಿದ್ದು, ಯಾವುದರಿಂದ, ಮಾವನಿಗೆ ಎಲ್ಲಿ ಸಿಕ್ಕಿತು, ಬೊಂಬೆಯ ಹಿಂದಿರುವ ನಿಜವಾದ ಮನುಷ್ಯರಿಗೆ ಏನಾಯಿತು. ಕೊನೆಯದಕ್ಕೆ ಎರಡು ಸಾಲು ಸಾಲದಿದ್ದರೆ ಹಾಳೆಯ ಹಿಂಬದಿಗೂ ಹೋಗಿ. ಬರೆಯುವ ಕೆಲಸವನ್ನು ಮಗನಿಗೇ ಕೊಡಿ, ಶಿಕ್ಷೆ ಎಂದು ಹೇಳಬೇಡಿ. ಅವನು ಕೈ ಆಡುವ ಬೊಂಬೆಯಿಂದ ಶುರು ಮಾಡುವುದು ಬೇಡ. ಪೇಟದ ಸೈನಿಕನಿಂದ ಶುರು ಮಾಡಲಿ. ಹುಡಿ ಬಂದ ಸೀಸದ ಬೊಂಬೆಗಳ ಸುತ್ತಲೂ, ಅಡಿಯಲ್ಲೂ, ಚೀಲದ ಹೊರಗಿನಿಂದಲೇ ಫೋಟೊ ತೆಗೆದು ನನಗೆ ಕಳುಹಿಸಿ. ಯಾವುದನ್ನು ಪ್ರಯೋಗಾಲಯಕ್ಕೆ ತರಬೇಕು, ಯಾವುದು ಒಣ ಡಬ್ಬಿಯಲ್ಲೇ ಸುಧಾರಿಸುತ್ತದೆ ಎಂದು ನೋಡಿ ಹೇಳುತ್ತೇನೆ.